ಕಾಡು, ಹೊಳೆ ಎಲ್ಲ ಹಾಳಾಗುತ್ತಿರುವಾಗ ಪ್ರಕೃತಿಯಲ್ಲಿ ದೇವರನ್ನು ಕಾಣೋದು ಸುಮ್ನೆ ಸಮಾಧಾನ ಅಲ್ವಾ?

ನಿಮ್ಮ ಅನುಮಾನ ಸರಿಯಾಗೇ ಇದೆ. ಸೂರ್ಯಾಸ್ತಕ್ಕೆ ಕೈಮುಗಿದರೆ ಒಂದು ಮರವೂ ಉಳಿಯುವುದಿಲ್ಲ. ಆದರೆ ನಾನು ದಕ್ಷಿಣ ಕನ್ನಡದವನು. ನಮ್ಮಲ್ಲಿ ಕಾಡಿನ ದೇವರು ಅಂದರೆ ಭಕ್ತಿಗಿಂತ ಜಾಸ್ತಿ ಕಟ್ಟುಪಾಡು.

ನಮ್ಮ ಕುಟುಂಬದ ನಾಗಬನ, ಅಂದರೆ ನಾಗನಿಗೆ ಅಂತ ಬಿಟ್ಟ ಪುಟ್ಟ ಕಾಡು, ಇರುವುದು ಅಡಿಕೆ ತೋಟದ ಮೂಲೆಯಲ್ಲಿ. ಕೆಲವೇ ಸೆಂಟ್ಸ್ ಜಾಗ. ಸುರಗಿ, ಬೈನೆ, ಕಾಲಿಗೆ ತೊಡರುವ ಬಳ್ಳಿಗಳು, ಒಂದು ಹುತ್ತ. ಒಳಗೆ ಕತ್ತಿ ಒಯ್ಯುವಂತಿಲ್ಲ. ಗಾಳಿಗೆ ಬಿದ್ದ ಒಣ ಕೊಂಬೆಯನ್ನೂ ಒಲೆಗೆ ತರುವಂತಿಲ್ಲ, ಅದು ಅಲ್ಲೇ ಕೊಳೆಯಬೇಕು. ಏಪ್ರಿಲ್‌ನಲ್ಲಿ ಹೊರಗಿನ ಗುಡ್ಡೆ ಕಾದು ಕೂತಿರುವಾಗಲೂ ಬನದ ತರಗೆಲೆ ಸರಿಸಿದರೆ ಕೆಳಗೆ ಮಣ್ಣು ತಂಪಾಗಿರುತ್ತದೆ. ನಾಗರಪಂಚಮಿಗೆ ತನು (ಹಾಲು, ಎಳನೀರು) ಎರೆಯಲು ಹೋದವರ ಕಾಲಿಗೆ ಉಂಬಳ ಹತ್ತುವುದು ಖಾತ್ರಿ.

ಇಂಥ ಬನಗಳನ್ನು ಈಗ ಎಷ್ಟೋ ಕಡೆ ಹಾಳು ಮಾಡುತ್ತಿರುವವರು ಭಕ್ತರೇ. ಜೀರ್ಣೋದ್ಧಾರ ಅಂತ ಮರ ಕಡಿದು, ಕಟ್ಟೆ ಕಟ್ಟಿ, ಸುತ್ತ ಇಂಟರ್‌ಲಾಕ್ ಹಾಕಿಬಿಡುತ್ತಾರೆ. ನಾಗನ ಕಲ್ಲು ಫಳಫಳ ಹೊಳೆಯುತ್ತದೆ. ನಿಜವಾದ ಹಾವಿಗೆ ಅಲ್ಲಿ ಜಾಗ ಇಲ್ಲ! ನಮ್ಮ ಮನೆಯಲ್ಲೂ ಈ ಮಾತು ಬಂದಿತ್ತು. "ನಾಗನಿಗೆ ನೆರಳು ಸಾಕು, ಟೈಲ್ಸ್ ನಿಮ್ಮ ಬಚ್ಚಲಿಗೆ ಹಾಕಿಕೊಳ್ಳಿ" ಅಂದರು ದೊಡ್ಡಮ್ಮ. ಅಲ್ಲಿಗೆ ಆ ವಿಷಯ ಮುಗಿಯಿತು.

ಪಕ್ಕದ ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಅಲ್ಲೂ ದೇವರಿಗೆ ಪೂಜೆ ನಿಂತಿಲ್ಲ, ಆದರೆ ಕಾಡಿನ ಅಂಚನ್ನು ಕಾಫಿ ತೋಟ ನುಂಗುತ್ತಾ ಬಂತು. 1905ರಲ್ಲಿ 15,000 ಎಕರೆ ದಾಟಿದ್ದ ದೇವರಕಾಡು 1985ರ ಹೊತ್ತಿಗೆ ಅದರ ಅರ್ಧಕ್ಕಿಂತ ಕಡಿಮೆಯಾಗಿತ್ತು.

ಹಾಗಂತ ನಂಬಿಕೆ ಕೆಲಸಕ್ಕೇ ಬರಲ್ಲ ಅಂತಲ್ಲ. ಬೆಳ್ತಂಗಡಿ ತಾಲ್ಲೂಕಿನ ಶಿಶಿಲಕ್ಕೆ ಒಮ್ಮೆ ಹೋಗಿ. ಕಪಿಲಾ ನದಿಯಲ್ಲಿ ದೇವಸ್ಥಾನದ ಎದುರಿನ ಮೀನುಗಳನ್ನು ಯಾರೂ ಹಿಡಿಯುವುದಿಲ್ಲ, ಅವು ದೇವರ ಮೀನು. ನಾಲ್ಕು ಕಾಳು ಅಕ್ಕಿ ಎಸೆದರೆ ಒಂದರ ಮೇಲೊಂದು ಬಿದ್ದು ಬರುತ್ತವೆ. 1996ರಲ್ಲಿ ಯಾರೋ ನೀರಿಗೆ ವಿಷ ಹಾಕಿ ಸಾವಿರಾರು ಮೀನು ಸತ್ತವು. ಊರವರು ಅವಕ್ಕೆ ಸ್ಮಾರಕ ಕಟ್ಟಿದರು. ಮೀನು ಸತ್ತರೆ ಊರೇ ದುಃಖಪಡುವುದು ಬೇರೆ ಎಲ್ಲಿದೆ ಹೇಳಿ? ಆದರೆ ಆ ನೀರು ಬರುವುದು ಘಟ್ಟದಿಂದ. ಮೇಲಿನ ಕಾಡು ಹೋಗಿ ಹೊಳೆ ಬತ್ತಿದರೆ ದೇವರ ಮೀನೂ ಉಳಿಯಲ್ಲ. ಕಟ್ಟುಪಾಡು ದೇವಸ್ಥಾನದ ಮೆಟ್ಟಿಲಿಗೇ ನಿಲ್ಲದೆ ಅಲ್ಲಿಯ ತನಕ ಹೋಗಬೇಕು.

ನಿಮಗೆ ದೇವರು ಕಾಣುತ್ತಾನೋ ಇಲ್ವೋ ಅನ್ನೋದು ನನಗೆ ಅಷ್ಟು ಮುಖ್ಯ ಅಲ್ಲ. ನಿಮ್ಮೂರಿನ ಬನದ ಜೀರ್ಣೋದ್ಧಾರಕ್ಕೆ ಅಂತ ರಸೀದಿ ಪುಸ್ತಕ ಹಿಡಿದು ಬಂದರೆ, ಎಷ್ಟು ಮರ ಕಡಿಯುತ್ತೀರಿ ಅಂತ ಮೊದಲು ಕೇಳಿ. ದುಡ್ಡಿನ ಮಾತು ಆಮೇಲೆ.