ಗುಂಪು ಬಿಟ್ಟೆ, ದೇವರನ್ನೂ ಬಿಡಬೇಕಾ?

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಆಕೆಯ ಒಪ್ಪಿಗೆ ಪಡೆದೇ ಬರೆದಿದ್ದೇನೆ.)

ಜೂನ್ ತಿಂಗಳ ಮಧ್ಯಾಹ್ನ. ಕಾರವಾರದಲ್ಲಿ ಮಳೆ ಹಿಡಿದರೆ ಬಿಡುವುದಿಲ್ಲ. ಆಕೆ ನನ್ನ ಹತ್ತಿರ ಸಲಹೆಗೆ ಬಂದಾಗ ಸೀರೆಯ ಅಂಚೆಲ್ಲ ತೊಯ್ದು ಹೋಗಿತ್ತು. ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲ ಮಾತ್ರ ಒಂದು ಹನಿಯೂ ಒಳಗೆ ಹೋಗದ ಹಾಗೆ ಸುತ್ತಿತ್ತು. ಒಳಗೆ ಕನ್ನಡ ಬೈಬಲ್. ಕೂತ ಮೇಲೂ ಅದು ತೊಡೆಯ ಮೇಲೇ ಇತ್ತು.

"ಅಕ್ಕಾ, ಇದನ್ನು ತೆರೆದರೆ ಕೈ ನಡುಗುತ್ತದೆ. ತೆರೆಯದೇ ಮಲಗಿದರೆ ನಿದ್ದೆ ಬರುವುದಿಲ್ಲ."

ವಯಸ್ಸು ಮೂವತ್ತು ದಾಟಿದೆ. ಮನೆಯಲ್ಲೇ ಹೊಲಿಗೆ ಕೆಲಸ. ಗಂಡ ಗಾಡಿ ಓಡಿಸುತ್ತಾರೆ. ಒಬ್ಬ ಮಗ. ಹುಟ್ಟಿದ್ದು ಕೊಂಕಣಿ ಮಾತಾಡುವ ಕಥೊಲಿಕ ಮನೆಯಲ್ಲಿ. ಸಂಜೆ ಅಜ್ಜಿ ಜಪಮಾಲೆ ಹಿಡಿದು "ಆಮ್ಚ್ಯಾ ಬಾಪಾ" (ನಮ್ಮ ತಂದೆಯೇ) ಎಂಬ ಪ್ರಾರ್ಥನೆ ಶುರು ಮಾಡಿದರೆ ಮಕ್ಕಳೆಲ್ಲ ಆಟ ಬಿಟ್ಟು ಬಂದು ಕೂರಬೇಕಿತ್ತು.

ತಂದೆ ತೀರಿಹೋದ ವರ್ಷ ಒಂದು ಪ್ರಾರ್ಥನಾ ಗುಂಪಿನ ಕೆಲವರು ಮನೆಗೆ ಬಂದರು. ಊಟ ತಂದರು, ಜೊತೆಗೆ ಕೂತು ಅತ್ತರು, ಪ್ರಾರ್ಥನೆ ಮಾಡಿದರು. ಇಂಥ ಗುಂಪಿಗೆ ಹೋದವರನ್ನು ಕಂಡು "ಅಷ್ಟೂ ಬುದ್ಧಿ ಇರಲಿಲ್ವಾ?" ಅನ್ನುತ್ತಾರೆ. ದಯವಿಟ್ಟು ಹಾಗೆ ಕೇಳಬೇಡಿ. ದುಃಖದಲ್ಲಿದ್ದಾಗ ಬಾಗಿಲು ತಟ್ಟಿದವರ ಹಿಂದೆ ಯಾರಾದರೂ ಹೋಗುತ್ತಾರೆ.

ಕಟ್ಟಳೆಗಳು ಬಂದದ್ದು ಆಮೇಲೆ, ಒಂದೊಂದಾಗಿ. ಬಂಗಾರ ಬೇಡ. ಟಿವಿ ಬೇಡ. ಅಜ್ಜಿಯ ಜಪಮಾಲೆ ವಿಗ್ರಹಾರಾಧನೆ, ಅದೂ ಬೇಡ. ತವರಿನ ಮದುವೆಗೆ ಹೋಗಬೇಕಾದರೆ ಗುಂಪಿನ ಹಿರಿಯರ ಅಪ್ಪಣೆ ಬೇಕು. ದುಡಿದದ್ದರಲ್ಲಿ ದಶಮಾಂಶ, ಅಂದರೆ ಹತ್ತರಲ್ಲಿ ಒಂದು ಪಾಲು, ಗುಂಪಿಗೆ. ಪ್ರತಿ ಶನಿವಾರ ವಾರದ ಪಾಪಗಳನ್ನು ಪುಸ್ತಕದಲ್ಲಿ ಬರೆದು ಒಪ್ಪಿಸಬೇಕು. ಹೀಗೆ ಒಂಬತ್ತು ವರ್ಷ.

ಒಂದು ರಾತ್ರಿ ಮಗನಿಗೆ ಉಬ್ಬಸ ಜೋರಾಯಿತು. ಆಸ್ಪತ್ರೆ ಬೇಡ, ನಂಬಿಕೆ ಇರಲಿ ಅಂದರು ಹಿರಿಯರು. ಮಗುವಿನ ತುಟಿ ನೀಲಿ ಆಗುತ್ತಿತ್ತು. ಆಕೆ ಯಾರನ್ನೂ ಕೇಳದೆ ಆಟೋ ಹತ್ತಿದರು. ಮಗು ಉಳಿಯಿತು. ಮುಂದಿನ ಭಾನುವಾರ ಎಲ್ಲರ ಎದುರು ನಿಲ್ಲಿಸಿ "ಬಿದ್ದುಹೋದವಳು" ಅಂದರು. ಗಂಡ ಅಲ್ಲಿಂದಲೇ ಕೈಹಿಡಿದು ಹೊರಗೆ ಕರೆತಂದರು. ಅತ್ತೆ ಮಾತ್ರ ಈಗಲೂ ಅಲ್ಲೇ ಇದ್ದಾರೆ, ಇವರ ಮನೆಗೆ ಬರುವುದಿಲ್ಲ. ಮೀನು ಪೇಟೆಯಲ್ಲಿ ಎಂಟು ವರ್ಷ ಜೊತೆಗಿದ್ದ ಗುಂಪಿನ ಗೆಳತಿ ಎದುರಾದರು. ಆಕೆ ಮಾತಾಡಿಸಿದರೂ ಆ ಗೆಳತಿ ತಲೆ ಎತ್ತಲಿಲ್ಲ, ಬಂಗುಡೆಯ ಕಿವಿರು ಎತ್ತಿ ಎತ್ತಿ ನೋಡುತ್ತಲೇ ಇದ್ದರಂತೆ.

ಆದರೆ ಆಕೆಯನ್ನು ಜಾಸ್ತಿ ಕಾಡಿದ್ದು ಬೇರೆ. ಗುಡುಗಿದರೆ ಸಾಕು, ಶಾಪ ತಟ್ಟಿತು ಅಂತ ಎದೆ ಹೊಡೆದುಕೊಳ್ಳುತ್ತಿತ್ತು. ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಕಿವಿಯಲ್ಲಿ ಹಿರಿಯರ ದನಿ. ಇತ್ತ ಗಂಡನಿಗೆ ದೇವರ ಹೆಸರೇ ಬೇಡವಾಗಿತ್ತು. ಹೆಂಡತಿ ಮೊಣಕಾಲೂರಿದ್ದು ಕಂಡರೆ "ಮತ್ತೆ ಅದೇ ಶುರುವಾಯ್ತಾ?" ಅಂತ ರೇಗುತ್ತಿದ್ದರು. "ಯೇಸು ಅಂದರೆ ನನಗೆ ಈಗಲೂ ಪ್ರೀತಿ ಅಕ್ಕಾ. ಹಾಗನ್ನಲು ಎರಡೂ ಕಡೆ ಹೆದರಿಕೆ. ನನಗೆ ತಲೆ ಕೆಟ್ಟಿದೆಯಾ?"

ಕೆಟ್ಟಿಲ್ಲ ಅಂತ ಆಗಲೇ ಹೇಳಿದೆ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ 1994ರಿಂದಲೇ ನಂಬಿಕೆಯ ತೊಳಲಾಟಕ್ಕೆ ಒಂದು ಜಾಗ ಇದೆ. ಅದನ್ನು ಕಾಯಿಲೆ ಎಂದು ಎಣಿಸಿಲ್ಲ, ಗಮನ ಕೊಡಬೇಕಾದ ತೊಂದರೆ ಎಂದಿದ್ದಾರೆ. ಹೀಗಂದಾಗ ಆಕೆಯ ಹೆಗಲು ಸ್ವಲ್ಪ ಇಳಿಯಿತು. ಇನ್ನೊಂದು ಮಾತನ್ನೂ ಸ್ಪಷ್ಟ ಮಾಡಿದೆ. ನಾನು ಕ್ರೈಸ್ತಳಲ್ಲ. ನಂಬಿಕೆ ಕಿತ್ತುಕೊಳ್ಳುವುದೂ ನನ್ನ ಕೆಲಸ ಅಲ್ಲ, ಕೊಡುವುದೂ ಅಲ್ಲ. ಪ್ರೀತಿ ಮತ್ತು ಹೆದರಿಕೆ ಎರಡನ್ನೂ ಒಂದೇ ಬಾಯಿ ಕಲಿಸಿದೆ, ಅದಕ್ಕೇ ಎರಡೂ ಸಿಕ್ಕುಬಿದ್ದಿವೆ. ನಿಧಾನವಾಗಿ ಬಿಡಿಸೋಣ ಅಂದೆ.

ಎರಡನೇ ಸಲ ಬಂದಾಗ ಚೀಲ ಬಿಚ್ಚಿದರು. ಪುಟಪುಟದಲ್ಲೂ ಕೆಂಪು ಪೆನ್ನಿನ ಗೆರೆ, ಅಂಚಿನಲ್ಲಿ ಹಿರಿಯರು ಹೇಳಿ ಬರೆಸಿದ ಟಿಪ್ಪಣಿ. "ಅವಿಧೇಯಳಿಗೆ ಶಿಕ್ಷೆ." "ಹಿಂದೆ ನೋಡಬೇಡ." ದಂಡನೆಯ ಪುಟಗಳೆಲ್ಲ ಕೆಂಪಾಗಿದ್ದವು. ಯೇಸುವಿನ ಕಥೆ ಹೇಳುವ ಸುವಾರ್ತೆಯಲ್ಲಿ ಎಷ್ಟೋ ಹಾಳೆಗಳು ಹೊಸದರ ಹಾಗೇ ಇದ್ದವು. ಇದನ್ನು ನೋಡಿದ ಮೇಲೇ ನನಗೆ ದಾರಿ ಹೊಳೆದದ್ದು. ಈ ಪುಸ್ತಕ ಎಸೆಯಬೇಡಿ, ಕಪಾಟಿನಲ್ಲಿ ಇಡಿ, ಗೆರೆ ಇಲ್ಲದ ಹೊಸ ಪ್ರತಿ ಕೊಳ್ಳಿ ಅಂದೆ. ದಿನಕ್ಕೆ ಒಂದೇ ಘಟನೆ ಓದಿ. ಎದೆ ಹೊಡೆದುಕೊಂಡರೆ ಮುಚ್ಚಿಡಿ, ಅದು ಪಾಪ ಅಲ್ಲ. ಅಂಗಾಲು ನೆಲಕ್ಕೆ ಒತ್ತಿ, ಉಸಿರು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡಿ, ಹತ್ತು ಸಲ. ಓದಿದ ಮೇಲೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಮಾತು ಈ ಪುಟದಲ್ಲಿ ಇದೆಯಾ, ಇಲ್ಲಾ ಅವರ ದನಿಯಲ್ಲಿ ಕೇಳಿಸಿತಾ?

ಪ್ರಾರ್ಥನೆಯ ಭಾಷೆ ಬಗ್ಗೆಯೂ ಮಾತಾಯಿತು. ಗುಂಪಿನಲ್ಲಿ ಎಲ್ಲ ಕನ್ನಡದಲ್ಲೇ, ಅದೂ ಆ ಹಿರಿಯರ ಏರುದನಿಯಲ್ಲೇ. ಅಜ್ಜಿಯ ಮಾತು ನೆನಪಿದೆಯಾ ಅಂತ ಕೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು "ಆಮ್ಚ್ಯಾ ಬಾಪಾ" ಅಂತ ಶುರು ಮಾಡಿದರು. ನಡುವೆ ಒಂದು ಸಾಲು ಮರೆತಿತ್ತು. ನಕ್ಕರು. ಅಲ್ಲಿ ಹಿರಿಯರ ದನಿ ಬರಲಿಲ್ಲವಂತೆ.

ದೇವರ ಮೇಲೇ ಸಿಟ್ಟು ಬಂದರೆ ಏನು ಮಾಡುವುದು ಅಂತ ಕೇಳಿದ್ದರು. ನನಗೆ ಉತ್ತರ ಗೊತ್ತಿರಲಿಲ್ಲ. ಅದಕ್ಕೇ ಪರಿಚಯದ ಒಬ್ಬ ಹಿರಿಯ ಸಿಸ್ಟರ್ (ಕ್ರೈಸ್ತ ಸನ್ಯಾಸಿನಿ) ಹತ್ತಿರ ಕಳಿಸಿದೆ. 'ಯಾವ ಸಭೆಗೂ ಕರೆಯಬಾರದು, ಕೇಳಿದ್ದಕ್ಕೆ ಮಾತ್ರ ಹೇಳಬೇಕು' ಎಂದು ಮೊದಲೇ ವಿನಂತಿ ಮಾಡಿಕೊಂಡಿದ್ದೆ. ಅವರು ಬೈಬಲಿನ 88ನೇ ಕೀರ್ತನೆ ತೋರಿಸಿದರು. ಅದು ಮೊದಲಿಂದ ಕೊನೆವರೆಗೂ ದೂರು, ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ದೇವರ ಮೇಲೆ ಸಿಟ್ಟಾದವರ ಮಾತನ್ನೂ ಬೈಬಲಿನಲ್ಲಿ ಉಳಿಸಿಕೊಂಡಿದ್ದಾರೆ ಅನ್ನುವುದು ಆಕೆಗೆ ಹೊಸ ಸುದ್ದಿ.

ಗಂಡನನ್ನು ಒಂದು ಸಲ ಕರೆಸಿದೆ. ಅವರ ಸಿಟ್ಟಿಗೂ ಕಾರಣ ಇದೆ, ಮಗು ಸಾಯುವುದರಲ್ಲಿತ್ತು ಅಲ್ವಾ. "ನೀವು ಪ್ರಾರ್ಥನೆ ಮಾಡಬೇಕಾಗಿಲ್ಲ. ಆಕೆ ಮಾಡುವಾಗ ಹಂಗಿಸದಿದ್ದರೆ ಸಾಕು," ಅಂದೆ. ಮಗನ ಔಷಧಿ ವಿಷಯದಲ್ಲಿ ಡಾಕ್ಟರ ಮಾತೇ ಕೊನೆ ಅಂತ ಇಬ್ಬರೂ ಒಪ್ಪಿಕೊಂಡರು. ಅದು ಆದ ಮೇಲೆ ಅವರ ರೇಗಾಟ ಕಡಿಮೆ ಆಯಿತು.

ಪೇಟೆಯಲ್ಲಿ ಯಾರಾದರೂ ಮುಖ ತಿರುಗಿಸಿದರೆ "ಚೆನ್ನಾಗಿದ್ದೀರಾ? ನಾವು ಚೆನ್ನಾಗಿದ್ದೇವೆ" ಅಂದು ಮುಂದೆ ನಡೆಯಿರಿ. ವಾದ ಬೇಡ, ಸಮಜಾಯಿಷಿ ಬೇಡ. ಅತ್ತೆಯ ಬಾಗಿಲು ಮುಚ್ಚಿದ್ದರೂ ನಿಮ್ಮದು ತೆರೆದಿರಲಿ ಅಂತ ಆಕೆಗೆ ಹೇಳಿದೆ. 'ಎಂದಿಗೂ ಬಿಡುವುದಿಲ್ಲ' ಎಂದು ಗುಂಪಿಗೆ ಬರೆದುಕೊಟ್ಟ ಕಾಗದದ ಬಗ್ಗೆ ಹೆದರಿದ್ದರು. ಸಂವಿಧಾನದ 25ನೇ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯ ಕೊಟ್ಟಿದೆ, ನಂಬಿಕೆಯ ವಿಷಯದಲ್ಲಿ ಆ ಕಾಗದ ಯಾರನ್ನೂ ಕಟ್ಟಿಹಾಕುವುದಿಲ್ಲ ಎಂದು ವಿವರಿಸಿದೆ. ಎರಡು ವಾರ ನಿದ್ದೆ ಇಲ್ಲದಿದ್ದರೆ, ಜೀವ ಬೇಡ ಅನಿಸಿದರೆ, ನನ್ನ ಮುಂದಿನ ಭೇಟಿಗೆ ಕಾಯಬೇಡಿ, ಮನೋವೈದ್ಯರ ಹತ್ತಿರ ಹೋಗಿ ಅಂದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲೂ ರಾತ್ರಿ ಸಿಗುತ್ತದೆ, ಉಚಿತ. ನಂಬರನ್ನು ಹೊಲಿಗೆ ಮಷಿನ್ನಿನ ಮೇಲೆ ಅಂಟಿಸಿಕೊಂಡಿದ್ದಾರೆ.

ಯಾವ ಚರ್ಚಿಗೆ ಹೋಗಲಿ ಅಂತ ಹಲವು ಸಲ ಕೇಳಿದರು. 1976ರಿಂದ ಕಾರವಾರ ಕಥೊಲಿಕ ಧರ್ಮಪ್ರಾಂತ್ಯದ ಕೇಂದ್ರ, ಚರ್ಚಿಗೇನೂ ಕೊರತೆ ಇಲ್ಲ. ಆದರೂ ಒಂದು ವರ್ಷ ಎಲ್ಲಿಯೂ ಹೆಸರು ಬರೆಸಬೇಡಿ ಅಂದೆ. ಹೋಗಬೇಕು ಅನಿಸಿದ ದಿನ ಹೋಗಿ, ಬಾಗಿಲ ಹತ್ತಿರ ಕೂತುಕೊಳ್ಳಿ, ಬೇಡ ಅನಿಸಿದರೆ ಎದ್ದು ಬನ್ನಿ. ಪ್ರಶ್ನೆ ಕೇಳಿದರೆ ಅಲ್ಲಿನವರ ಮುಖ ಹೇಗಾಗುತ್ತದೆ, ಬರಲಿಲ್ಲ ಅಂದರೆ ಏನನ್ನುತ್ತಾರೆ, ಗಮನಿಸಿ.

ಅಕ್ಟೋಬರಿನಲ್ಲಿ ಬಂದಾಗ ಆಕೆಯೇ ಒಂದು ಕಥೆ ಹೇಳಿದರು. ಹುಟ್ಟು ಕುರುಡನೊಬ್ಬನಿಗೆ ಯೇಸು ಕಣ್ಣು ಕೊಟ್ಟ. ಸಭಾಮಂದಿರದಿಂದ ಹೊರಗೆ ಹಾಕುತ್ತಾರೆ ಎಂದು ಹೆತ್ತವರೇ ಹೆದರಿ, 'ಅವನನ್ನೇ ಕೇಳಿ' ಅಂದುಬಿಟ್ಟರು. ಅವನು ಕಂಡದ್ದನ್ನು ಕಂಡ ಹಾಗೆ ಹೇಳಿದ. ಹೊರಗೆ ಹಾಕಿಸಿಕೊಂಡ. "ಹೊರಗೆ ಹಾಕಿದರು ಅಂತ ಕೇಳಿ ಯೇಸು ಅವನನ್ನು ಹುಡುಕಿದ ಅಕ್ಕಾ. ಒಂಬತ್ತು ವರ್ಷದಲ್ಲಿ ಈ ಸಾಲು ಒಬ್ಬರೂ ಓದಿ ಹೇಳಲಿಲ್ಲ."

ಹೊಸ ಬೈಬಲ್ ತೆಗೆದು ತೋರಿಸಿದರು. ಯೋಹಾನ 9ನೇ ಅಧ್ಯಾಯ, 35ನೇ ವಚನ. ಅದರ ಕೆಳಗೆ ಪೆನ್ಸಿಲ್ಲಿನಲ್ಲಿ ಒಂದು ಗೆರೆ ಇತ್ತು, ಆಕೆ ಎಳೆದದ್ದು.