ಬೀದರ್ ಗುಡ್ಡದಲ್ಲಿ ಮೌಂಟನ್ ಬೈಕ್ ಹಾದಿ ಮಾಡಬೇಕು, ಮಳೆಗೆ ಕೊಚ್ಚಿ ಹೋಗದ ಹಾಗೆ ಹೇಗೆ?

ಗೆಳೆಯನ ತಂದೆಯವರ ಪಾಳು ಬಿದ್ದ ಇಳಿಜಾರು ಭೂಮಿ ಇದೆ, ಜೆಸಿಬಿ ತರಿಸಿ ನೆತ್ತಿಯಿಂದ ಬುಡದವರೆಗೆ ನೇರ ಹಾದಿ ಹೊಡೆಸಿದರೆ ಬಾಳುತ್ತದೆಯಾ ಅಂತ ಕೇಳಿದ್ದೀರಿ. ಬಾಳುವುದಿಲ್ಲ. ಒಂದೇ ಮಳೆಗಾಲಕ್ಕೆ ಕೊರಕಲು ಬೀಳುತ್ತದೆ.

ನಾನು ಜಲಾನಯನ ಕೆಲಸದಲ್ಲಿ ಹೊಲಗಳಿಗೆ ಬದು ಹಾಕಿಸುತ್ತಿದ್ದವನು. ಸೈಕಲ್ ಹುಚ್ಚು ಆಮೇಲೆ ಹತ್ತಿದ್ದು. ಬದುವಿನ ಕೆಲಸ ನೀರನ್ನು ತಡೆಯುವುದು. ಹಾದಿಯ ಕೆಲಸ ನೀರನ್ನು ಬೇಗ ಆಚೆ ಕಳಿಸುವುದು. ನೀರು ಹಾದಿಗೆ ಅಡ್ಡ ಹಾಯ್ದು ಹೋಗಬೇಕು, ಹಾದಿಗುಂಟ ಹರಿಯಬಾರದು. ಇಷ್ಟು ತಲೆಯಲ್ಲಿ ಕೂತರೆ ಉಳಿದದ್ದು ಸಲೀಸು. ನಿಮ್ಮ ಗುಡ್ಡದಲ್ಲೇ ನೋಡಿ, ನೇರ ಇಳಿದ ಹಳೆ ಬಂಡಿ ದಾರಿ ಹಳ್ಳದ ಹಾಗೆ ಆಗಿರುತ್ತದೆ. ಗುಡ್ಡಕ್ಕೆ ಅಡ್ಡಡ್ಡ ಹೋದ ಆಡಿನ ದಾರಿ ಮಾತ್ರ ಹಾಗೇ ಉಳಿದಿರುತ್ತದೆ.

ಲೆಕ್ಕ ಎರಡೇ. ಹಾದಿಯ ಏರು ಸರಾಸರಿ ನೂರಕ್ಕೆ 10 ಮೀರಬಾರದು, ಅಂದರೆ 10 ಮೀಟರ್ ನಡೆದರೆ 1 ಮೀಟರ್ ಏರು. ಜೊತೆಗೆ, ಆ ಜಾಗದಲ್ಲಿ ಗುಡ್ಡದ ಇಳಿಜಾರು ಎಷ್ಟಿದೆಯೋ ಅದರ ಅರ್ಧಕ್ಕಿಂತ ಹಾದಿ ಜಾಸ್ತಿ ಏರಬಾರದು. ಗುಡ್ಡ ನೂರಕ್ಕೆ 12 ಇದ್ದರೆ ಹಾದಿ 6ರ ಒಳಗೆ. ಅದಕ್ಕೇ ಬೀದರ್ ಮೇಲಿನ ಸಪಾಟು ಭೂಮಿ ಹಾದಿಗೆ ಸುಲಭ ಅನ್ನಿಸಿದರೂ ಅಲ್ಲಿ ನೀರು ಇಳಿಯುವುದಕ್ಕೆ ದಾರಿಯೇ ಇರುವುದಿಲ್ಲ. ಅಂಚಿನ ಇಳಿಜಾರೇ ಒಳ್ಳೆಯದು.

ಅಳೆಯುವುದಕ್ಕೆ ದುಬಾರಿ ಯಂತ್ರ ಬೇಡ. ಮೇಸ್ತ್ರಿಗಳ ನೀರಿನ ಮಟ್ಟದ ಪೈಪ್ ಸಾಕು. ಎರಡು ಕೋಲಿಗೆ ಸೆಂಟಿಮೀಟರ್ ಗುರುತು ಹಾಕಿ, ಪೈಪಿನ ಒಂದೊಂದು ತುದಿ ಕಟ್ಟಿ. ಇಬ್ಬರು 10 ಮೀಟರ್ ದೂರ ನಿಂತುಕೊಳ್ಳಿ. ಕೆಳಗಿನವರ ಕೋಲಿನಲ್ಲಿ ನೀರು 150ಕ್ಕೆ, ಮೇಲಿನವರಲ್ಲಿ 90ಕ್ಕೆ ನಿಂತರೆ 60 ಸೆಂಟಿಮೀಟರ್ ಏರು, ಅಂದರೆ ನೂರಕ್ಕೆ 6. ಅಲ್ಲೊಂದು ಗೂಟ ಹೊಡೆದು ಮುಂದೆ ಹೋಗಿ. ಇಡೀ ಹಾದಿಗೆ ಗೂಟ ಹೊಡೆದು ಮುಗಿಯುವ ತನಕ ಗುದ್ದಲಿ ಎತ್ತಬೇಡಿ.

ಅಗೆಯುವಾಗ ಹಾದಿಯ ಪೂರ್ತಿ ಅಗಲವನ್ನು ಗುಡ್ಡದ ಒಳಗೇ ಕಡಿಯಿರಿ. ತೆಗೆದ ಮಣ್ಣನ್ನು ಹೊರ ಅಂಚಿಗೆ ತುಂಬಿ ಹಾದಿ ಅಗಲ ಮಾಡುವ ಆಸೆ ಬರುತ್ತದೆ. ಅದು ಬೇಡ, ಸಡಿಲ ಮಣ್ಣು ಚಕ್ರದ ಭಾರಕ್ಕೆ ಕುಸಿಯುತ್ತದೆ. ಪುಟ್ಟಿಯಲ್ಲಿ ಹೊತ್ತು ಕೆಳಗೆ ದೂರ ಹರಡಿ. 60 ಸೆಂಟಿಮೀಟರ್ ಅಗಲದ ಹಾದಿಗೆ ಹೊರ ಅಂಚು 3 ಸೆಂಟಿಮೀಟರ್ ತಗ್ಗಿರಲಿ. ಆಮೇಲೆ 8ರಿಂದ 15 ಮೀಟರಿಗೊಮ್ಮೆ, ಇಳಿಯುತ್ತಿರುವ ಹಾದಿ ಸ್ವಲ್ಪ ಮೇಲೇರಿ ಮತ್ತೆ ಇಳಿಯಬೇಕು. ಆ ತಗ್ಗಿನಲ್ಲಿ ನೀರು ಹೊರಗೆ ಹೋಗುತ್ತದೆ, ಸವಾರನ ವೇಗವೂ ತಾನಾಗಿ ಕಡಿಮೆ ಆಗುತ್ತದೆ. ಓಡಿಸುವುದಕ್ಕೂ ಅದೇ ಮಜಾ.

ಮಣ್ಣು ನೋಡಿ. ನಮ್ಮ ಜಂಬಿಟ್ಟಿಗೆ ನೆಲ ಕಡಿದು ಗಾಳಿಗೆ ಬಿಟ್ಟರೆ ಗಟ್ಟಿ ಆಗುತ್ತದೆ, ಅದು ನಮ್ಮ ಪುಣ್ಯ. ಆದರೆ ಅದರ ಮೇಲಿನ ಸಣ್ಣ ಹರಳು ಚಕ್ರದ ಕೆಳಗೆ ತೊಗರಿ ಕಾಳಿನ ಹಾಗೆ ಉರುಳುತ್ತದೆ. ತಿರುವುಗಳಲ್ಲಿ ಅದನ್ನು ಗುಡಿಸಿ ತೆಗೆಯಲೇಬೇಕು. ಬುಡದಲ್ಲಿ ಎರೆ ಮಣ್ಣು ಸಿಕ್ಕರೆ ಸುತ್ತಿಕೊಂಡು ಹೋಗಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಅದರ ಮೇಲೆ ಯಾವ ಹಾದಿಯೂ ನಿಲ್ಲುವುದಿಲ್ಲ. ದಾಟಲೇಬೇಕಾದರೆ ಕಲ್ಲುಗಳನ್ನು ಆಳಕ್ಕೆ ನಿಲ್ಲಿಸಿ, ಒತ್ತೊತ್ತಾಗಿ ಜೋಡಿಸಿ. ಕಲಬುರಗಿ ಕಡೆಯ ಗೆಳೆಯರು ಇದಕ್ಕೆ ಶಹಾಬಾದ್ ಕಲ್ಲು ಹಾಸೋಣ ಅನ್ನುತ್ತಾರೆ. ನುಣುಪು ಚಪ್ಪಡಿ ಒದ್ದೆ ಆದರೆ ಚಕ್ರ ಜಾರುತ್ತದೆ, ಒರಟು ಕಲ್ಲೇ ಇರಲಿ.

ಒಂದು ಮಾತು ಮರೆಯಬೇಡಿ. ಬೀದರ್ ಪಕ್ಕದ ನೌಬಾದ್ ಕಡೆ ನೆಲದ ಕೆಳಗೆ ಬಹಮನಿ ಕಾಲದ ಸುರಂಗ ಬಾವಿ ಇದೆ, ಅಂದರೆ ನೀರು ಹರಿಸುವುದಕ್ಕೆ ಕೊರೆದ ಸುರಂಗ. ಅದರ ಗಾಳಿ ಕಿಂಡಿಗಳು ಮೇಲೆ ಬಾವಿಯ ಹಾಗೆ ಬಾಯಿ ತೆರೆದುಕೊಂಡಿರುತ್ತವೆ. ನಿಮ್ಮ ಭೂಮಿ ಆ ಕಡೆ ಇದ್ದರೆ ಪೊದೆಯೊಳಗೆಲ್ಲ ನಡೆದು ನೋಡಿ. ಕಿಂಡಿ ಸಿಕ್ಕರೆ ಹಾದಿಯನ್ನು ದೂರ ಒಯ್ಯಿರಿ. ಸವಾರನ ಜೀವದ ಮಾತು ಇದು. 500 ವರ್ಷ ದಾಟಿದ ಆ ನೀರಿನ ದಾರಿಗೆ ನಮ್ಮ ಮಣ್ಣು ಬೀಳಬಾರದು ಅನ್ನುವುದೂ ಅಷ್ಟೇ ಮುಖ್ಯ. ಕೋಟೆಯಂಥ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಏನನ್ನೂ ಕಟ್ಟುವ ಹಾಗಿಲ್ಲ, ಅಲ್ಲಿ ಕೈ ಹಾಕಬೇಡಿ. ಹಾದಿಯನ್ನು ಪಕ್ಕದ ಮೀಸಲು ಅರಣ್ಯಕ್ಕೆ ಎಳೆಯುವ ಯೋಚನೆಯೂ ಬೇಡ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅಲ್ಲಿ ಗಿಡ ಕಡಿಯುವುದು, ನೆಲ ಅಗೆಯುವುದು ಅಪರಾಧ.

ಕುರಿ ಕಾಯುವವರನ್ನು ಮೊದಲೇ ಮಾತಾಡಿಸಿ. ಹಿಂಡು ಎಲ್ಲಿ ದಾಟುತ್ತದೆ, ಯಾವ ಹೊತ್ತಿಗೆ ಬರುತ್ತದೆ ಅಂತ ಅವರಿಗೆ ಗೊತ್ತು. ದಾಟುವ ಜಾಗ ದೂರದಿಂದಲೇ ಕಾಣಬೇಕು, ಅದಕ್ಕೆ ಮೊದಲು ಒಂದು ಏರು ಅಥವಾ ಬಿಗಿ ತಿರುವು ಇರಬೇಕು. ಕಷ್ಟದ ಬಂಡೆ ಇಳಿತವನ್ನು ಹಾದಿಯ ಶುರುವಿನಲ್ಲೇ ಇಡಿ. ಆಗದವರು ಅಲ್ಲಿಂದಲೇ ವಾಪಸ್ ಹೋಗಬಹುದು, ನಡುವೆ ಸಿಕ್ಕಿಕೊಳ್ಳುವುದಿಲ್ಲ. ಜಿಗಿತದ ದಿಬ್ಬ ಮಾಡಿದರೆ ಪಕ್ಕದಲ್ಲಿ ಸುಮ್ನೆ ಉರುಳಿಕೊಂಡು ಹೋಗುವ ದಾರಿಯೂ ಬೇಕು. ಅಲ್ಲಲ್ಲಿ ಕಲ್ಲಿಗೆ ನಂಬರ್ ಬರೆಯಿರಿ. ಯಾರಾದರೂ ಬಿದ್ದು 108ಕ್ಕೆ ಫೋನ್ ಮಾಡಿದರೆ ಎಲ್ಲಿದ್ದೀರಿ ಅಂತ ಹೇಳಬೇಕಲ್ವಾ?

ಅಡ್ಡದಾರಿ ಮುಚ್ಚುವುದಕ್ಕೆ ನಮ್ಮ ಕಡೆ ಜಾಲಿ ಮುಳ್ಳು ಹಾಕುವ ರೂಢಿ. ಸೈಕಲ್ ಹಾದಿಗೆ ಅದು ಆಗದು. ಗಾಳಿಗೆ ಹಾರಿ ಬಂದು ಟೈರ್ ಪಂಚರ್ ಮಾಡುತ್ತದೆ, ಬಿದ್ದವರ ಮುಖಕ್ಕೂ ಚುಚ್ಚುತ್ತದೆ. ದೊಡ್ಡ ಕಲ್ಲು ಇಡಿ, ಹುಲ್ಲು ಬೆಳೆಯಲು ಬಿಡಿ.

ಮಳೆ ಬಿದ್ದು ಚಕ್ರಕ್ಕೆ ಮಣ್ಣು ಮೆತ್ತಿಕೊಳ್ಳುವ ದಿನಗಳಲ್ಲಿ ಯಾರೂ ಓಡಿಸಬಾರದು, ಇದನ್ನು ಗಟ್ಟಿಯಾಗಿ ಹೇಳಿ. ಆದರೆ ಜೋರು ಮಳೆಯಲ್ಲಿ ನೀವು ಮಾತ್ರ ಛತ್ರಿ ಹಿಡಿದು ಪಕ್ಕದಲ್ಲಿ ನಡೆಯಿರಿ. ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಹಾದಿ ಹಿಡಿದು ಓಡುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. ಮಳೆಗಾಲ ಮುಗಿದ ಮೇಲೆ ಹೊರ ಅಂಚಿನಲ್ಲಿ ಕೂತ ಮಣ್ಣಿನ ದಿಣ್ಣೆ ಕೆತ್ತಿ ತೆಗೆಯುವುದು, ತಗ್ಗುಗಳ ಹೂಳು ಎತ್ತುವುದು ಪ್ರತಿ ವರ್ಷದ ಕೆಲಸ.

ಈ ವರ್ಷ 200 ಮೀಟರ್ ಮಾತ್ರ ಮಾಡಿ, ಜೆಸಿಬಿ ಇಲ್ಲದೆ ಗುದ್ದಲಿ ಸಲಿಕೆಯಲ್ಲಿ. ಒಂದು ಮಳೆಗಾಲ ದಾಟಲಿ. ಪೈಪಿನಲ್ಲಿ ಅಳೆದ ಲೆಕ್ಕ, ಮಣ್ಣಿನ ಬಗೆ, ನೀರು ನಿಂತ ಜಾಗಗಳನ್ನು ಇಲ್ಲೇ ಬರೆದು ಹಾಕಿ. ಮುಂದಿನ ತುಂಡು ಎಲ್ಲಿಂದ ಹೋಗಬೇಕು ಅಂತ ಸೇರಿ ನೋಡೋಣ.