ನವೆಂಬರ್ ಬರುತ್ತಿದೆ, ಕಿತ್ತಳೆ ಟೋಪಿ ತಗೊಳ್ಳಿ

ಪ್ರದೀಪ್ ಅವರೇ,

ನಿಮ್ಮ ಪತ್ರ ಓದಿ ಖುಷಿಯಾಯಿತು. ಅಮೆರಿಕದ ವಿಸ್ಕಾನ್ಸಿನ್‌ಗೆ ಬಂದು ಇನ್ನೂ ಒಂದು ಚಳಿಗಾಲ ನೋಡಿಲ್ಲ, ಆಗಲೇ ಆಫೀಸಿನವರು ಜಿಂಕೆ ಬೇಟೆಗೆ ಕರೆದಿದ್ದಾರೆ ಅಂದರೆ ನೀವು ಅವರಿಗೆ ಇಷ್ಟವಾಗಿದ್ದೀರಿ ಅಂತಲೇ ಅರ್ಥ. ಸುಮ್ನೆ ಬಾಯಿಮಾತಿಗೆ ಯಾರೂ ಇಲ್ಲಿ ತಮ್ಮ ಬೇಟೆ ಕ್ಯಾಂಪಿಗೆ ಕರೆಯುವುದಿಲ್ಲ. ನೀವು ಮೂರು ವಿಷಯ ಕೇಳಿದ್ದೀರಿ. ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿ ಇರುವವರು ಕೋವಿ ಮುಟ್ಟಬಹುದಾ? ಆ ದಿನಗಳಲ್ಲಿ ಹೆಂಡತಿ, ಮಗು ಕಾಡಿನ ಕಡೆ ವಾಕಿಂಗ್ ಹೋಗಬಹುದಾ? ಬರಲ್ಲ ಅಂದರೆ ಬೇಜಾರು ಮಾಡಿಕೊಳ್ಳುತ್ತಾರಾ?

ಕೊನೆಯದಕ್ಕೆ ಮೊದಲು ಉತ್ತರ: ಯಾರೂ ಬೇಜಾರು ಮಾಡಿಕೊಳ್ಳಲ್ಲ. ಆದರೂ ಹೋಗಿ. ಈ ವರ್ಷ ಕೋವಿ ಹಿಡಿಯದೆ ಹೋಗಿ. ಆದರೆ ಜಿಂಕೆಗಿಂತ ಮೊದಲು, ಈಗ ಅಕ್ಟೋಬರಿನಲ್ಲೇ, ಬಾತಿನ ಬೇಟೆಗೆ ಒಂದು ಸಲ ಹೋಗಿ ಕೂತು ಬನ್ನಿ.

ಕಾನೂನಿನ ಮಾತು ಮುಗಿಸಿಬಿಡೋಣ. ಎಚ್-1ಬಿ, ಎಫ್-1 (ಓದಲು ಬಂದವರದ್ದು) ಥರದ ನಾನ್‌ಇಮಿಗ್ರಂಟ್, ಅಂದರೆ ತಾತ್ಕಾಲಿಕ ವೀಸಾದವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳಬಾರದು ಅಂತ ಇಲ್ಲಿನ ಫೆಡರಲ್ ಕಾನೂನು ಹೇಳುತ್ತದೆ. ಅದಕ್ಕೊಂದು ವಿನಾಯಿತಿ ಇದೆ. ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ನಿಮ್ಮ ಹತ್ತಿರ ಇದ್ದರೆ ಆ ನಿರ್ಬಂಧ ಅನ್ವಯಿಸುವುದಿಲ್ಲ. ಗ್ರೀನ್ ಕಾರ್ಡ್ ಬಂದವರಿಗೆ ಈ ತಾಪತ್ರಯ ಇಲ್ಲ. ಲೈಸೆನ್ಸ್ ಇಲ್ಲದೆ, 'ಒಂದು ಈಡು ಹೊಡೆದು ನೋಡು ಮಾರಾಯ' ಅಂತ ಗೆಳೆಯ ಕೈಗೆ ಕೊಟ್ಟ ಕೋವಿ ಹಿಡಿದು ಫೋಟೋ ಹಾಕಿಕೊಂಡರೆ, ಅದು ನಿಮ್ಮ ವೀಸಾಕ್ಕೇ ಕುತ್ತು ತರಬಹುದು. ಆ ಗೆಳೆಯನಿಗೆ ಈ ಕಾನೂನು ಗೊತ್ತಿರುವುದೂ ಇಲ್ಲ, ಇಲ್ಲಿ ಹುಟ್ಟಿದವರಿಗೆ ಅದು ಬೇಕಾಗಿಲ್ಲವಲ್ಲ. ಮುಂದಿನ ವರ್ಷ ನಿಜವಾಗಿ ಬೇಟೆಯಾಡುವ ಮನಸ್ಸಾದರೆ ಬೇಟೆ ಸುರಕ್ಷತೆಯ ಕೋರ್ಸ್ ಮಾಡಿ, ಲೈಸೆನ್ಸ್ ತಗೊಳ್ಳಿ, ಕೋವಿ ಕೈಗೆತ್ತಿಕೊಳ್ಳುವ ಮೊದಲು ಇಮಿಗ್ರೇಷನ್ ವಕೀಲರನ್ನು ಒಂದು ಮಾತು ಕೇಳಿ. 1973ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆಲ್ಲ ಈ ರಾಜ್ಯದಲ್ಲಿ ಆ ಕೋರ್ಸ್ ಬೇಕು. ಅನುಭವಿಯೊಬ್ಬರ ಪಕ್ಕದಲ್ಲೇ, ಕೈಗೆಟುಕುವ ದೂರದಲ್ಲಿ ಕೂತು ಕಲಿಯುವವರಿಗೆ ಮಾತ್ರ ಬೇರೆ ದಾರಿ ಇದೆ.

ನೀವು ಕೊಪ್ಪದವರು, ನಾನು ತೀರ್ಥಹಳ್ಳಿ ಕಡೆಯವನು. ನಮ್ಮಿಬ್ಬರಿಗೂ ಷಿಕಾರಿ ಅಂದರೆ ತಲೆಯಲ್ಲಿ ಬರುವ ಚಿತ್ರ ಒಂದೇ. ರಾತ್ರಿ, ಹಣೆಗೆ ಕಟ್ಟಿದ ಬ್ಯಾಟರಿ, ಪಿಸುಮಾತು, ಬೆಳಗಾಗುವುದರೊಳಗೆ ಮುಗಿಯಬೇಕಾದ ಪಾಲು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಊರಲ್ಲಿ ಬೇಟೆ ಅಂದರೆ ಕದ್ದು ಮಾಡುವ ಕೆಲಸ. ಹಾಗಾಗಿ ಇಲ್ಲಿ ಮೊದಲ ಸಲ ನೋಡಿದವರಿಗೆ ತಬ್ಬಿಬ್ಬಾಗುತ್ತದೆ. ಹಗಲು ಹೊತ್ತಲ್ಲಿ, ಎರಡು ಮೈಲಿ ದೂರಕ್ಕೂ ಕಾಣುವ ಕಿತ್ತಳೆ ಜಾಕೆಟ್ ಹಾಕಿಕೊಂಡು, ಪೆಟ್ರೋಲ್ ಬಂಕಿನಲ್ಲಿ ಕಾಫಿ ಕುಡಿಯುತ್ತ, 'ಸಿಕ್ತಾ?' ಅಂತ ಒಬ್ಬರನ್ನೊಬ್ಬರು ಕೇಳುತ್ತಾರೆ. ರಾತ್ರಿ ಲೈಟ್ ಬಿಟ್ಟು ಹೊಡೆಯುವುದು ಇಲ್ಲಿ ದೊಡ್ಡ ಅಪರಾಧ. ಬೇಟೆಗಾರರೇ ವನ್ಯಜೀವಿ ವಾರ್ಡನ್‌ಗೆ ಫೋನ್ ಮಾಡಿ ಹಿಡಿದುಕೊಡುತ್ತಾರೆ.

ನವೆಂಬರಿನ ನಾಲ್ಕನೇ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಶುರುವಾಗಿ, ಅದರ ಮುಂದಿನ ಭಾನುವಾರ ಮುಗಿಯುವ 9 ದಿನ. ಕೋವಿಯಲ್ಲಿ ಜಿಂಕೆ ಹೊಡೆಯುವ ಮುಖ್ಯ ಸೀಸನ್ ಅಷ್ಟೇ. ಬಿಲ್ಲು ಬಾಣದವರಿಗೆ ಸೆಪ್ಟೆಂಬರಿನಿಂದಲೇ ಅವಕಾಶ ಇರುತ್ತದೆ, ಅದು ಬೇರೆ. ಈ 9 ದಿನಕ್ಕಾಗಿ ಈ ಒಂದು ರಾಜ್ಯದಲ್ಲೇ 5 ಲಕ್ಷಕ್ಕೂ ಜಾಸ್ತಿ ಜನ ಲೈಸೆನ್ಸ್ ತಗೊಳ್ಳುತ್ತಾರೆ. ದೀಪಾವಳಿಗೆ ಊರಿಗೆ ಹೊರಡುವ ಹಾಗೆ ಶುಕ್ರವಾರ ಮಧ್ಯಾಹ್ನವೇ ಉತ್ತರದ ಕಡೆಗೆ ಟ್ರಕ್ಕುಗಳ ಸಾಲು. ಆಫೀಸಿನಲ್ಲಿ ಆ ಸೋಮವಾರ ಮೀಟಿಂಗ್ ಇಟ್ಟರೆ ಅರ್ಧ ಕುರ್ಚಿ ಖಾಲಿ ಇರುತ್ತದೆ, ಇದನ್ನು ಈಗಲೇ ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳಿ.

ಇಷ್ಟು ಜನ ಹೊಡೆದರೂ ಜಿಂಕೆ ಹೇಗೆ ಉಳಿದಿದೆ ಅಂತ ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿತ್ತು. ಉಳಿದಿರುವುದು ಇವರ ಒಳ್ಳೆಯತನದಿಂದ ಅಲ್ಲ, ಒಂದು ಸಲ ಸರಿಯಾಗಿ ಪೆಟ್ಟು ತಿಂದು ಕಲಿತ ಕಟ್ಟುಪಾಡಿನಿಂದ. ಪ್ಯಾಸೆಂಜರ್ ಪಿಜನ್ ಅಂತ ಒಂದು ಪಾರಿವಾಳ ಇತ್ತು. 1871ರಲ್ಲಿ ಇದೇ ವಿಸ್ಕಾನ್ಸಿನ್‌ನ ಮಧ್ಯಭಾಗದಲ್ಲಿ ಕೋಟಿಗಟ್ಟಲೆ ಪಾರಿವಾಳಗಳು ಒಟ್ಟಿಗೆ ಗೂಡು ಕಟ್ಟಿದ್ದವು. ಹೊಡೆದು, ಪೀಪಾಯಿಗೆ ತುಂಬಿ, ರೈಲಿನಲ್ಲಿ ಪಟ್ಟಣಗಳಿಗೆ ಕಳಿಸಿ ಮಾರಿದರು. ಕೊನೆಯ ಹಕ್ಕಿ 1914ರಲ್ಲಿ ಸಿನ್ಸಿನಾಟಿ ಮೃಗಾಲಯದ ಪಂಜರದಲ್ಲಿ ಸತ್ತಿತು. ವಲಸೆ ಹಕ್ಕಿಗಳ ಕಾನೂನು ಬಂದದ್ದು 1918ರಲ್ಲಿ. ಇವತ್ತು ಬೇಟೆಯ ಮಾಂಸವನ್ನು ಕೊಡಬಹುದು, ತಿನ್ನಬಹುದು, ದಾನ ಮಾಡಬಹುದು, ಮಾರುವಂತಿಲ್ಲ. ನನ್ನ ಪ್ರಕಾರ ಇಡೀ ವ್ಯವಸ್ಥೆ ನಿಂತಿರುವುದು ಆ ಒಂದು ನಿಯಮದ ಮೇಲೆ. ಮಾರುಕಟ್ಟೆ ಇಲ್ಲ ಅಂದರೆ ಒಬ್ಬ ಮನುಷ್ಯ ಎಷ್ಟು ತಿಂದಾನು? ದುಡ್ಡೂ ಬೇಟೆಗಾರರಿಂದಲೇ ಬರುತ್ತದೆ. 1937ರ ಒಂದು ಕಾಯ್ದೆಯಂತೆ ಬೇಟೆ ಕೋವಿ, ತೋಟಾಗಳ ಮೇಲೆ ಶೇ. 11ರ ತೆರಿಗೆ ಇದೆ, ಅದು ರಾಜ್ಯಗಳ ವನ್ಯಜೀವಿ ಕೆಲಸಕ್ಕೆ ಹೋಗುತ್ತದೆ.

ಈಗ ಬಾತಿನ ವಿಷಯಕ್ಕೆ ಬರುತ್ತೇನೆ. ಯಾಕೆ ಅದನ್ನು ಮೊದಲು ಅಂದೆ ಅಂದರೆ, ಜಿಂಕೆ ಬೇಟೆಯಲ್ಲಿ ಮಾತಿಲ್ಲ. ಬಾತಿನ ಬೇಟೆ ತುಂಬ ಮಾತೇ. ಬೆಳಗಿನ ಜಾವ ನಾಲ್ಕಕ್ಕೆ ದೋಣಿ ಇಳಿಸುತ್ತಾರೆ. ಎದೆಮಟ್ಟದ ರಬ್ಬರ್ ಪ್ಯಾಂಟ್ ಹಾಕಿಕೊಂಡು ಜೌಗಿನಲ್ಲಿ ಇಳಿದು, ಪ್ಲಾಸ್ಟಿಕ್ ಬಾತುಗಳನ್ನು ನೀರ ಮೇಲೆ ತೇಲಿಬಿಡುತ್ತಾರೆ. ಅದನ್ನು ಇಡುವುದರಲ್ಲೇ ಅರ್ಧ ಜಗಳ. ಗಾಳಿಗೆ ಎದುರಾಗಿ ಬಾತು ಇಳಿಯುತ್ತದೆ, ಆದ್ದರಿಂದ ನಡುವೆ ಇಳಿಯಲು ಜಾಗ ಬಿಡಬೇಕು ಅಂತ ಒಬ್ಬ, ಇನ್ನೂ ಆಚೆ ಬಿಡು ಅಂತ ಇನ್ನೊಬ್ಬ. ಆಮೇಲೆ ಜೊಂಡಿನ ಮರೆಯಲ್ಲಿ ಕೂತು ಫ್ಲಾಸ್ಕಿನ ಕಾಫಿ, ಮೊಟ್ಟೆ ಸ್ಯಾಂಡ್‌ವಿಚ್, ಆಫೀಸಿನ ಗಾಸಿಪ್. ನಿಮ್ಮ ಮ್ಯಾನೇಜರ್ ಬಾಯಿಗೆ ಪೀಪಿ ಇಟ್ಟುಕೊಂಡು ಹೆಣ್ಣುಬಾತಿನ ಥರ ಕೂಗುವುದನ್ನು ಒಮ್ಮೆ ಕೇಳಿದರೆ, ಆಮೇಲೆ ಯಾವ ಮೀಟಿಂಗಿನಲ್ಲೂ ಅವರ ಬಗ್ಗೆ ಹೆದರಿಕೆ ಇರಲ್ಲ.

ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲು ಈಡು ಶುರು ಮಾಡಬಹುದು, ಅದಕ್ಕಿಂತ ಒಂದು ನಿಮಿಷ ಮುಂಚೆ ಅಲ್ಲ. ಎಲ್ಲರೂ ಗಡಿಯಾರ ನೋಡುತ್ತ ಕೂತಿರುತ್ತಾರೆ, ತಲೆಯ ಮೇಲೆ ಹಕ್ಕಿ ಹಾದುಹೋಗುತ್ತಿದ್ದರೂ ಸುಮ್ಮನಿರುತ್ತಾರೆ. ದಿನಕ್ಕೆ ಒಬ್ಬರಿಗೆ ಒಟ್ಟು 6 ಬಾತು. ಅದರಲ್ಲೂ ಯಾವ ಜಾತಿ ಎಷ್ಟು, ಮಲ್ಲಾರ್ಡ್‌ನಲ್ಲಿ ಹೆಣ್ಣು ಎಷ್ಟು ಅಂತ ಒಳಲೆಕ್ಕ ಇದೆ. ಮಬ್ಬು ಬೆಳಕಿನಲ್ಲಿ, ಹಾರುತ್ತಿರುವಾಗ, ರೆಕ್ಕೆಯ ಬಡಿತ ನೋಡಿ ಇದು ಯಾವ ಬಾತು ಅಂತ ಹೇಳಬೇಕು. ಒಳ್ಳೆಯ ಬಾತು ಬೇಟೆಗಾರ ಅಂದರೆ ಮೊದಲು ಒಳ್ಳೆಯ ಹಕ್ಕಿ ವೀಕ್ಷಕ. ನಮ್ಮೂರ ಕೆರೆಗಳಿಗೆ ಚಳಿಗಾಲದಲ್ಲಿ ಬರುವ ಸೂಜಿಬಾಲದ ಬಾತು ಇಲ್ಲೂ ಇದೆ, ಅದನ್ನು ಮೊದಲು ಗುರುತಿಸಿದ್ದಕ್ಕೆ ನನಗೆ ಒಂದು ದಿನದ ಮಟ್ಟಿಗೆ ಭಾರೀ ಗೌರವ ಸಿಕ್ಕಿತು.

ಕೋವಿಯಲ್ಲಿ ಮೂರಕ್ಕಿಂತ ಜಾಸ್ತಿ ತೋಟಾ ಹಿಡಿಯದ ಹಾಗೆ ಒಳಗೆ ಅಡ್ಡಕಡ್ಡಿ ಹಾಕಿರಬೇಕು. ಸೀಸದ ಚರೆ ಬಳಸುವಂತಿಲ್ಲ. 1991ರಿಂದ ದೇಶದಾದ್ಯಂತ ಬಾತು, ಹೆಬ್ಬಾತಿಗೆ ಉಕ್ಕು ಅಥವಾ ವಿಷವಲ್ಲದ ಬೇರೆ ಚರೆಯೇ ಬೇಕು. ಬಾತು ಕಾಳು ಅರೆಯಲು ಕೆಸರಿನಿಂದ ಸಣ್ಣ ಕಲ್ಲು ನುಂಗುತ್ತದೆ. ಅದರ ಜೊತೆ ಬಿದ್ದಿರುವ ಸೀಸವೂ ಹೊಟ್ಟೆಗೆ ಹೋಗಿ, ಗುಂಡು ತಾಗದ ಹಕ್ಕಿಯೂ ಸಾಯುತ್ತಿತ್ತು.

16 ವರ್ಷ ತುಂಬಿದ ಬಾತು ಬೇಟೆಗಾರರೆಲ್ಲ ಫೆಡರಲ್ ಡಕ್ ಸ್ಟ್ಯಾಂಪ್ ಕೊಳ್ಳಬೇಕು. 1934ರಲ್ಲಿ ಶುರುವಾದದ್ದು. ಮೊದಲ ಸ್ಟ್ಯಾಂಪಿನ ಚಿತ್ರ ಬರೆದವರು 'ಡಿಂಗ್' ಡಾರ್ಲಿಂಗ್ ಅನ್ನುವ ಪತ್ರಿಕಾ ವ್ಯಂಗ್ಯಚಿತ್ರಕಾರ. ಆಗ 1 ಡಾಲರ್, ಈಗ 25. ಆ ದುಡ್ಡಿನ ಹೆಚ್ಚುಪಾಲು ಜೌಗು ಭೂಮಿ ಕೊಂಡು ಉಳಿಸಲು ಹೋಗುತ್ತದೆ. ನೀವು ಬೇಟೆಯಾಡದಿದ್ದರೂ ಒಂದು ತಗೊಂಡುಬಿಡಿ ಅಂತ ನನ್ನ ಸಲಹೆ. ಟಿಕೆಟ್ ಇರುವ ನ್ಯಾಷನಲ್ ವೈಲ್ಡ್‌ಲೈಫ್ ರೆಫ್ಯೂಜ್‌ಗಳಿಗೆ (ವನ್ಯಜೀವಿ ಧಾಮಗಳಿಗೆ) ಅದೇ ಪ್ರವೇಶ ಪಾಸ್ ಆಗುತ್ತದೆ.

ಹಾಗೇ ಇದೇ ರಾಜ್ಯದ ಹೊರಿಕಾನ್ ಜೌಗಿಗೆ ಸಂಸಾರ ಸಮೇತ ಹೋಗಿ ಬನ್ನಿ. ಶರತ್ಕಾಲದಲ್ಲಿ ಕೆನಡಾ ಹೆಬ್ಬಾತುಗಳು ಅಲ್ಲಿ ಇಳಿಯುವ ಸದ್ದು ಕಾರಿನ ಗಾಜು ಹಾಕಿದ್ದರೂ ಕೇಳುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವಲ್ಲ, ಆ ಕೆರೆಯನ್ನು ಒಂದು ಸಲ ನೋಡಿದ್ದರೆ ಇದೂ ಇಷ್ಟವಾಗುತ್ತದೆ. ಅಂದಹಾಗೆ ಎರಡೂ ಅಂತಾರಾಷ್ಟ್ರೀಯ ಮಹತ್ವದ ಜೌಗುಗಳ ರಾಮ್ಸರ್ ಪಟ್ಟಿಯಲ್ಲಿವೆ, ಹೊರಿಕಾನ್ 1990ರಿಂದ, ಮಾಗಡಿ 2024ರಿಂದ. ಅಲ್ಲಿ ಹೊಲದವರು ಹಕ್ಕಿಯನ್ನು ಓಡಿಸುತ್ತಾರೆ, ಇಲ್ಲಿನ ಮೆಕ್ಕೆಜೋಳದ ಹೊಲದವರು ಬೇಟೆಗಾರರನ್ನು ಕರೆಯುತ್ತಾರೆ. ಹಕ್ಕಿ ಬೆಳೆ ತಿನ್ನುವ ತಲೆನೋವು ಮಾತ್ರ ಒಂದೇ.

ಜಿಂಕೆ ಬೇಟೆ ಇದಕ್ಕೆ ಪೂರ್ತಿ ಉಲ್ಟಾ. ಮರದ ಮೇಲಿನ ಅಟ್ಟಣಿಗೆಯಲ್ಲಿ ಕತ್ತಲಲ್ಲೇ ಹತ್ತಿ ಕೂರಬೇಕು, ಮೈನಸ್ ಹತ್ತು ಡಿಗ್ರಿ ಇದ್ದರೂ ಕೈಕಾಲು ಆಡಿಸುವಂತಿಲ್ಲ. ಕಾಟನ್ ಬೇಡ, ಉಣ್ಣೆ ಹಾಕಿಕೊಳ್ಳಿ. ಹತ್ತುವ ಮೊದಲು ಇಡೀ ಮೈಗೆ ಹಾಕುವ ಸುರಕ್ಷತಾ ಹಾರ್ನೆಸ್ ಕಟ್ಟಿಕೊಳ್ಳಿ, ಬರೀ ಸೊಂಟದ ಬೆಲ್ಟ್ ಸಾಲದು. ಮರದಿಂದ ಬಿದ್ದು ಸೊಂಟ ಮುರಿದುಕೊಳ್ಳುವವರು ಪ್ರತಿವರ್ಷ ಇರುತ್ತಾರೆ. ಇನ್ನೊಂದು ವಿಷಯ ಇಲ್ಲಿನವರು ನಿಮಗೆ ಹೇಳಲ್ಲ, ನಾನು ಹೇಳುತ್ತೇನೆ: ಜಾಕೆಟ್ಟನ್ನು ಹಿಂದಿನ ವಾರವೇ ಗ್ಯಾರೇಜಿನಲ್ಲಿ ನೇತುಹಾಕಿ. ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಬಿಳಿಬಾಲದ ಜಿಂಕೆಯ ಮೂಗಿಗೆ ಎಷ್ಟೋ ದೂರದಿಂದ ಹೊಡೆಯುತ್ತದೆ. ಬೆಳಗಿನ ಹೊತ್ತು ಹುಳಿ ಕುದಿಸಿದ ಅಡುಗೆಮನೆಯ ಬಟ್ಟೆಯಲ್ಲೇ ಹೋದರೆ ಇಡೀ ಕ್ಯಾಂಪಿಗೆ ಜಿಂಕೆ ಸಿಗಲ್ಲ.

ಕೂತಿರಿ, ನೋಡಿ. ಸೋವು ಓಡಿಸಲು, ಅಂದರೆ ಜಿಂಕೆಯನ್ನು ಬೇಟೆಗಾರರ ಕಡೆಗೆ ಅಟ್ಟಲು ಕರೆದರೆ ಹೋಗಬೇಡಿ, ಲೈಸೆನ್ಸ್ ಇಲ್ಲದವರಿಗೆ ಅದು ಬೇಡದ ರಗಳೆ. ಹೊಡೆದ ಮೇಲೆ ಹೊಟ್ಟೆ ಸೀಳಿ ಕರುಳು ತೆಗೆಯುವುದು ಅಲ್ಲೇ, ಆಗಲೇ. ನೋಡಲಾಗದಿದ್ದರೆ ಆಚೆ ನಿಲ್ಲಿ, ಯಾರೂ ನಗಲ್ಲ. ಹೊಡೆದ ಬೇಟೆಗಾರ ಮರುದಿನ ಸಂಜೆ 5ರೊಳಗೆ ಆನ್‌ಲೈನ್‌ನಲ್ಲಿ ಜಿಂಕೆಯನ್ನು ನೋಂದಾಯಿಸಬೇಕು. ರಾತ್ರಿ ಕ್ಯಾಬಿನ್ನಿನಲ್ಲಿ ಚಿಲ್ಲಿ ಅಂತ ಒಂದು ಸಪ್ಪೆ ರಾಜ್ಮಾ ಸಾರು ಕೊಡುತ್ತಾರೆ, ಜೇಬಿನಲ್ಲಿ ಚಟ್ನಿಪುಡಿ ಇರಲಿ. ಆಮೇಲೆ ಯೂಕರ್ ಅನ್ನುವ ಇಸ್ಪೀಟಾಟ, ಭಾನುವಾರ ರೇಡಿಯೋದಲ್ಲಿ ಇಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡ ಪ್ಯಾಕರ್ಸ್‌ನ ಮ್ಯಾಚ್. ತಾತ, ಮಗ, ಮೊಮ್ಮಗಳು ಒಂದೇ ಸೂರಿನಡಿ ಕೂತು ಹಳೆಯ ಜಿಂಕೆಗಳ ಕಥೆ ಹೇಳುತ್ತಾರೆ, ಪ್ರತಿವರ್ಷ ಕೊಂಬು ಸ್ವಲ್ಪ ಉದ್ದವಾಗುತ್ತ ಹೋಗುತ್ತದೆ. ನನಗೆ ಇಷ್ಟವಾಗದ್ದೂ ಇದೆ. ಗೋಡೆಗೆ ನೇತುಹಾಕುವ ಕೊಂಬಿಗಾಗಿಯೇ ಸಾವಿರಾರು ಡಾಲರ್ ಸುರಿಯುವವರ ಜೊತೆ ನನಗೆ ಮಾತು ಬೆಳೆಯಲ್ಲ.

ಮನೆಯವರ ಪ್ರಶ್ನೆ. ಹೆದರಬೇಕಾಗಿಲ್ಲ, ಎಚ್ಚರ ಬೇಕು. ನವೆಂಬರ್ 15ರಿಂದ ಡಿಸೆಂಬರ್ 15ರವರೆಗೆ ಹಲವು ಸ್ಟೇಟ್ ಪಾರ್ಕ್‌ಗಳ ಕೆಲವು ಭಾಗಗಳಲ್ಲೂ ಬೇಟೆಗೆ ಅವಕಾಶ ಇರುತ್ತದೆ. ಹೋಗುವ ಮೊದಲು ಮ್ಯಾಪ್ ನೋಡಿ. ಆ 9 ದಿನ ಊರೊಳಗಿನ ಪಾರ್ಕಿನಲ್ಲೇ ನಡೆದರೆ ಏನೂ ಕಳೆದುಕೊಳ್ಳಲ್ಲ. ಕಾಡಿಗೆ ಹೋದರೆ ಮಗುವಿಗೂ ಕಿತ್ತಳೆ ಟೋಪಿ, ಕಿತ್ತಳೆ ವೆಸ್ಟ್. ಬೇಟೆಗಾರರಿಗೆ 1980ರಿಂದ ಇದು ಕಡ್ಡಾಯ, 2016ರಿಂದ ಹೊಳೆಯುವ ಗುಲಾಬಿಯೂ ನಡೆಯುತ್ತದೆ. ಕಂದು, ಬಿಳಿ ಬಟ್ಟೆ ಮಾತ್ರ ಬೇಡ, ಜಿಂಕೆಯ ಬಾಲ ಕಂಡ ಹಾಗೆ ಕಾಣುತ್ತದೆ. ಬೇಲಿ, ಬೋರ್ಡ್ ಇಲ್ಲದಿದ್ದರೂ ಖಾಸಗಿ ಜಮೀನಿಗೆ ಕೇಳದೆ ಕಾಲಿಡಬೇಡಿ.

ನನ್ನನ್ನು ಕೇಳಿದರೆ ಗುಂಡಿಗಿಂತ ರಸ್ತೆ ಜಾಸ್ತಿ ಅಪಾಯ. ನವೆಂಬರ್ ಜಿಂಕೆಗಳ ಬೆದೆಯ ಕಾಲ, ಗಂಡುಗಳಿಗೆ ಮೈಮೇಲೆ ಗ್ಯಾನ ಇರಲ್ಲ. ಬೆಳಿಗ್ಗೆ, ಸಂಜೆ ಮಬ್ಬಿನಲ್ಲಿ ನಿಧಾನ ಓಡಿಸಿ. ಒಂದು ದಾಟಿದರೆ ಹಿಂದೆ ಇನ್ನೊಂದು ಇದೆ ಅಂತಲೇ ತಿಳಿಯಿರಿ. ಅಡ್ಡ ಬಂದರೆ ನೇರವಾಗಿ ಬ್ರೇಕ್ ಹಾಕಿ, ಸ್ಟೀರಿಂಗ್ ತಿರುಗಿಸಿ ಎದುರಿನ ಟ್ರಕ್ಕಿಗೆ ಹೋಗಬೇಡಿ. ಕಾರಿನ ಇನ್ಶೂರೆನ್ಸ್‌ನಲ್ಲಿ ಕಾಂಪ್ರಿಹೆನ್ಸಿವ್ ಇದೆಯಾ ನೋಡಿಕೊಳ್ಳಿ, ಕಾರು ಜಿಂಕೆಗೆ ಗುದ್ದಿದರೆ ದುಡ್ಡು ಬರುವುದು ಅದರಲ್ಲಿ.

ಕೊನೆಗೆ ಮಾಂಸ. ಖಂಡಿತ ಒಂದು ಪೊಟ್ಟಣ ಕೊಟ್ಟೇ ಕಳಿಸುತ್ತಾರೆ. ಇಸಿದುಕೊಳ್ಳುವಾಗ, 'ಟೆಸ್ಟ್ ಮಾಡಿಸಿದ್ದೀರಾ' ಅಂತ ಕೇಳಲು ಸಂಕೋಚ ಬೇಡ. ಸಿಡಬ್ಲ್ಯುಡಿ ಅನ್ನುವ ಮಿದುಳಿನ ರೋಗ 2002ರಲ್ಲಿ ಈ ರಾಜ್ಯದ ಜಿಂಕೆಗಳಲ್ಲಿ ಪತ್ತೆಯಾಯಿತು, ಮ್ಯಾಡಿಸನ್ ಸುತ್ತಮುತ್ತ, ನೈಋತ್ಯದ ಕೌಂಟಿಗಳಲ್ಲಿ ಜಾಸ್ತಿ. ಮನುಷ್ಯರಿಗೆ ಬಂದದ್ದು ಖಚಿತವಾಗಿಲ್ಲ. ಆದರೆ ಬೇಯಿಸಿದರೆ ಹೋಗುವ ರೋಗಾಣು ಅದಲ್ಲ, ಸೋಂಕು ಕಂಡ ಜಿಂಕೆಯನ್ನು ತಿನ್ನಬೇಡಿ ಅಂತಲೇ ಆರೋಗ್ಯ ಇಲಾಖೆಯ ಮಾತು. ಸೀಸದ ಗುಂಡಿನಲ್ಲಿ ಹೊಡೆದದ್ದಾದರೆ ಸಣ್ಣ ಮಗುವಿಗೆ ಕೊಡಬೇಡಿ.

ಬೆನ್ನಿನ ಮಾಂಸ ಸಿಕ್ಕಿದರೆ ಕಾಳುಮೆಣಸು, ಉಪ್ಪು ಹಾಕಿ ದೊಡ್ಡ ಉರಿಯಲ್ಲಿ ಬೇಗ ಹುರಿದು ಇಳಿಸಿ, ಕೊಬ್ಬೇ ಇಲ್ಲದ ಮಾಂಸ ಅದು, ಜಾಸ್ತಿ ಬೆಂದರೆ ಚಕ್ಕೆಯಾಗುತ್ತದೆ. ತೊಡೆ, ಭುಜದ್ದಾದರೆ ನಮ್ಮ ಮಸಾಲೆ ಅರೆದು ಕುಕ್ಕರಿಗೆ ಹಾಕಿ. ಸಾಸೇಜ್ ಕೊಟ್ಟರೆ ಒಂದು ಮಾತು ಕೇಳಿ ತಗೊಳ್ಳಿ. ಜಿಂಕೆಯಲ್ಲಿ ಕೊಬ್ಬು ಕಮ್ಮಿ ಅಂತ ಹಂದಿಯದ್ದು, ಕೆಲವು ಕಡೆ ದನದ್ದೂ ಬೆರೆಸಿರುತ್ತಾರೆ. ನಿಮ್ಮ ಮನೆಯಲ್ಲಿ ಆಗದಿದ್ದರೆ ನೇರವಾಗಿ ಹೇಳಿ, ಬೆರೆಸದ ಕೈಮಾ ಒಂದು ಪೊಟ್ಟಣ ಯಾರ ಫ್ರೀಜರಿನಲ್ಲಾದರೂ ಇದ್ದೇ ಇರುತ್ತದೆ.